ಕಿವಿಯ ಕಚ್ಚು

"ಲ್ಯಾಬ್ರಡಾರ್ ಮರಿಗೆ ಎಷ್ಟಾಗ್ತದೆ?"

ಹೊಸ ಬೋರ್ಡು ಹಾಕಿದ ಮೊದಲ ತಿಂಗಳು ಅಕ್ಕನಿಗೆ ಬಂದ ಫೋನುಗಳಲ್ಲಿ ಜಾಸ್ತಿ ಇಂಥವೇ. ಅಕ್ಕ ಅಂದರೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಗಾಯಗೊಂಡ ನಾಯಿ, ಬೆಕ್ಕು, ಕರುಗಳನ್ನು ತಂದು ನೋಡಿಕೊಳ್ಳುವ ಒಂದು ಪುಟ್ಟ ಶೆಲ್ಟರ್ ನಡೆಸುವವರು. ಹೆಸರು ಹಾಕಬೇಡ ಎಂದಿದ್ದಾರೆ. ಹಾಗಾಗಿ ಅಕ್ಕ ಎಂದೇ ಬರೆಯುತ್ತೇನೆ.

ಆ ಬೋರ್ಡಿನ ಲೋಗೋ ಮಾಡಿದವನು ನಾನು. ನನ್ನದು ಪೇಟೆಯಲ್ಲಿ ಒಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ರಶೀದಿ ಪುಸ್ತಕ, ರಬ್ಬರ್ ಸೀಲು. ಇದರ ನಡುವೆ ಅಕ್ಕ ಬಂದು ಲೋಗೋ ಕೇಳಿದರು. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದು ಕೆಂಪು ಹೃದಯ, ಅದರೊಳಗೆ ಬಿಳಿ ಪಂಜದ ಗುರುತು, ಪಕ್ಕದಲ್ಲಿ ನಾಲಿಗೆ ಹೊರಗೆ ಹಾಕಿದ ಜೋಲು ಕಿವಿಯ ನಾಯಿ. 20 ನಿಮಿಷದ ಕೆಲಸ. "ಚೆಂದ ಉಂಟು ತಮ್ಮ" ಅಂದರು ಅಕ್ಕ. ಇಬ್ಬರಿಗೂ ಖುಷಿಯಾಯಿತು.

ಒಂದು ರಾತ್ರಿ ಮೀನಿನ ಟೆಂಪೊ ಓಡಿಸುವವರೊಬ್ಬರು ಕುಂಬಳೆ ಹತ್ತಿರ ಹೈವೇಯಲ್ಲಿ ಬಿದ್ದಿದ್ದ ನಾಯಿಯನ್ನು ಗೋಣಿಯಲ್ಲಿ ಸುತ್ತಿ ತಂದರು. ಹೈವೇ ಆರು ಪಥ ಆದಮೇಲೆ ದಾಟಲು ಹೊರಟ ನಾಯಿಗಳು ನಡುವಿನ ಗೋಡೆ ಹತ್ತಿರ ಸಿಕ್ಕಿ ಒದ್ದಾಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಪಾಪ, ಆ ಟೆಂಪೊದವರು ಯಾರೋ ಹೇಳಿದ ದಾರಿ ಹಿಡಿದು ಶೆಲ್ಟರಿನ ಗೇಟಿನವರೆಗೂ ಬಂದಿದ್ದರು. ಟೆಂಪೊದ ಬೆಳಕಿನಲ್ಲಿ ಬೋರ್ಡು ನೋಡಿದರು. ನಾಯಿ ಮಾರುವ ಅಂಗಡಿ, ರಾತ್ರಿ ಮುಚ್ಚಿದೆ ಅಂದುಕೊಂಡರು. ಗಾಡಿ ತಿರುಗಿಸಿ ಕಾಸರಗೋಡಿಗೆ ಹೋದರು. ಬೆಳಗಾಗುವಾಗ ನಾಯಿ ಉಳಿದಿರಲಿಲ್ಲ. ವಾರದ ಮೇಲೆ ಅಕ್ಕನ ಹತ್ತಿರ ಇದನ್ನು ಹೇಳುತ್ತಾ ಅವರು ಅತ್ತರಂತೆ.

ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ನಾನೇ ಹೋಗಿ, ಬೋರ್ಡು ಇಳಿಸುವ, ಬೇರೆ ಮಾಡಿಕೊಡುತ್ತೇನೆ ಅಂದೆ.

ಈ ಸಲ ಕಂಪ್ಯೂಟರ್ ಮುಂದೆ ಕೂರಲಿಲ್ಲ. ಈ ಲೋಗೋ ಯಾರು ನೋಡುವುದಕ್ಕೆ ಅಂತ ಯೋಚಿಸಿದೆ. ನಾಯಿ ಅಂದರೆ ಜೀವ ಬಿಡುವವರಿಗೆ ಲೋಗೋ ಬೇಡ. ಅವರು ದಾರಿ ಕೇಳಿಕೊಂಡು ಬರುತ್ತಾರೆ, ಅಕ್ಕಿ ತರುತ್ತಾರೆ. ಬೋರ್ಡು ಇರುವುದು ಉಳಿದವರಿಗೆ. ಬೆಳಗ್ಗೆ ಐದಕ್ಕೆ ರಬ್ಬರ್ ಟ್ಯಾಪಿಂಗಿಗೆ ಹೋಗುವವರಿಗೆ, ಮದ್ರಸಕ್ಕೆ ಹೋಗುವ ಮಕ್ಕಳಿಗೆ, ಸೊಸೈಟಿಗೆ ಹಾಲು ಕೊಂಡೊಯ್ಯುವ ಹೆಂಗಸರಿಗೆ. ಇವರಲ್ಲಿ ಎಷ್ಟೋ ಜನರಿಗೆ ನಾಯಿ ಕಂಡರೆ ಭಯ. ಶೆಲ್ಟರ್ ಅಂದರೆ ನೂರು ನಾಯಿ ತಂದು ನಮ್ಮೂರಿಗೆ ಬಿಡುವ ಜಾಗ ಅಂತ ಸಿಟ್ಟು ಇರುವವರೂ ಇದ್ದಾರೆ.

ಆ ಭಯ ನನಗೆ ಗೊತ್ತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ನನ್ನ ಅಮ್ಮನಿಗೆ ನಾಯಿ ಕಚ್ಚಿತು. ಸೊಸೈಟಿಗೆ ಹಾಲು ಕೊಟ್ಟು ವಾಪಸ್ ಬರುವಾಗ, ಮೊಣಕಾಲಿನ ಕೆಳಗೆ. ಹೊಟ್ಟೆಗೆ ಸಾಲಾಗಿ ಇಂಜೆಕ್ಷನ್ ಚುಚ್ಚುತ್ತಿದ್ದ ಕಾಲ ಅದು. ಈಗ ತೋಳಿಗೆ ಕೊಡುತ್ತಾರೆ, ಅಷ್ಟು ಕಷ್ಟ ಇಲ್ಲ. ಅಮ್ಮ ಆಮೇಲೆ ಇಷ್ಟು ವರ್ಷವೂ ಆ ದಾರಿ ಬಿಟ್ಟು ತೋಟದ ಬದಿಯಿಂದ ಸುತ್ತಿ ಹೋಗುತ್ತಾರೆ. ನಾನೂ ಕೊಡೆ ಇಲ್ಲದೆ ನಡೆದವನಲ್ಲ, ಮಳೆ ಇರಲಿ, ಇಲ್ಲದಿರಲಿ. ಹಾಗಾಗಿ ಈ ಲೋಗೋ ಅಮ್ಮನಿಗೆ ಅರ್ಥವಾಗಬೇಕು ಅಂತ ತೀರ್ಮಾನಿಸಿದೆ. ಅಮ್ಮ ಅದನ್ನು ನೋಡಿ ಹೆಜ್ಜೆ ಹಿಂದಿಡಬಾರದು. ಅಷ್ಟೇ ಅಳತೆ.

ಶೆಲ್ಟರಿಗೆ ಹೋಗಿ ಕುಳಿತೆ. ನಾಲ್ಕು ದಿನ, ಗ್ರಿಲ್ಲಿನ ಈಚೆ. ಅಲ್ಲಿ ಜೋಲು ಕಿವಿಯ ಒಂದು ನಾಯಿಯೂ ಇರಲಿಲ್ಲ. ಇದ್ದದ್ದೆಲ್ಲ ನಮ್ಮ ಊರ ನಾಯಿಗಳೇ. ಉದ್ದ ಕಾಲು, ಸಪೂರ ಸೊಂಟ, ಸುರುಳಿ ಬಾಲ, ನೆಟ್ಟಗೆ ನಿಂತ ಕಿವಿ. ಸಾವಿರಾರು ವರ್ಷಗಳಿಂದ ನಮ್ಮ ಅಂಗಳದಲ್ಲಿ ಇರುವ ನಾಯಿ ಅದು. ಅದನ್ನು ಬಿಟ್ಟು ಕಂಪ್ಯೂಟರಿನಲ್ಲಿ ರೆಡಿ ಸಿಕ್ಕಿದ ವಿದೇಶಿ ನಾಯಿ ಹಾಕಿದ್ದೆ. ಜನ ಮರಿಯ ರೇಟು ಕೇಳದೆ ಇನ್ನೇನು ಕೇಳುತ್ತಾರೆ?

ಅಲ್ಲಿ ದಾಸು ಅಂತ ಒಂದು ಕಂದು ನಾಯಿ. ಬೊಗಳುವುದು ಕಡಿಮೆ. ಬಾಗಿಲ ಹತ್ತಿರ ಪಕ್ಕಕ್ಕೆ ತಿರುಗಿ ಕೂತು ರಸ್ತೆ ನೋಡುತ್ತದೆ. ಅದನ್ನು ಬಿಡಿಸುತ್ತಾ ಹೋದಂತೆ ನನಗೇ ಕೆಲವು ಸಂಗತಿ ಹೊಳೆದವು. ನಾಯಿ ನೇರ ಮುಖ ಮಾಡಿ ದಿಟ್ಟಿಸಿದರೆ ಹೆದರುವವರಿಗೆ ಎದೆ ಹೊಡೆದುಕೊಳ್ಳುತ್ತದೆ. ಪಕ್ಕದಿಂದ ನೋಡಿದರೆ ಆ ಭಯ ಇಲ್ಲ. ಬಾಯಿ ತೆರೆದು ನಾಲಿಗೆ ಬಿಟ್ಟ ನಾಯಿ ಪ್ರೀತಿಸುವವರಿಗೆ ನಗುವ ಹಾಗೆ ಕಾಣುತ್ತದೆ, ಅಮ್ಮನಂಥವರಿಗೆ ಹಲ್ಲು ಮಾತ್ರ ಕಾಣುತ್ತದೆ. ಅದಕ್ಕೆ ಬಾಯಿ ಮುಚ್ಚಿಸಿದೆ. ನಿಂತ ನಾಯಿ ಓಡಿ ಬರಬಹುದು, ಕೂತ ನಾಯಿ ಕೂತೇ ಇರುತ್ತದೆ. ಬ್ಯಾಂಡೇಜು ಕಟ್ಟಿದ ಕಾಲು, ಕಣ್ಣೀರು, ಇದೆಲ್ಲ ಹಾಕು ಅಂದವರು ಇದ್ದರು. ನನಗೆ ಮನಸ್ಸು ಬರಲಿಲ್ಲ. ಪಾಪ ಅನ್ನಿಸಿ ಹತ್ತು ರೂಪಾಯಿ ಕೊಡಬಹುದು, ಹತ್ತಿರ ಬರಲು ಧೈರ್ಯ ಬರುವುದಿಲ್ಲ.

ದಾಸುವಿನ ಒಂದು ಕಿವಿಯ ತುದಿ ಕತ್ತರಿಸಿದ ಹಾಗಿತ್ತು. ಬೇರೆ ನಾಯಿ ಕಚ್ಚಿ ಹರಿದದ್ದು ಅಂತಲೇ ನಾನು ಅಂದುಕೊಂಡಿದ್ದೆ. ಅಲ್ಲ ಅಂತ ಅಕ್ಕ ಬಿಡಿಸಿ ಹೇಳಿದರು. ಬೀದಿ ನಾಯಿಗೆ ಸಂತಾನಹರಣ ಆಪರೇಶನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. ಕೇಂದ್ರ ಸರ್ಕಾರದ 2001ರ ನಿಯಮ ಹಾಗೆ, ಅದರ ಬದಲಿಗೆ ಬಂದ 2023ರ ನಿಯಮವೂ ಹಾಗೆಯೇ. ಆಪರೇಶನ್ ಆದ ನಾಯಿ ಯಾವುದು ಅಂತ ದೂರದಿಂದಲೇ ತಿಳಿಯಲು, ಅರಿವಳಿಕೆಯಲ್ಲಿ ಇರುವಾಗಲೇ ಕಿವಿಗೆ ಒಂದು ಸಣ್ಣ ಕಚ್ಚು ಹಾಕುತ್ತಾರೆ. ನಾಯಿಗೆ ನೋವಾಗುವುದಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಚ್ಚು ಅನ್ನುವ ಮಾತಿಗೆ ನಮ್ಮ ಕನ್ನಡದಲ್ಲಿ ಎರಡು ಅರ್ಥ ಅಲ್ವಾ? ನಾಯಿ ಕಚ್ಚುವುದು ಒಂದು. ಮರಕ್ಕೆ, ತೊಲೆಗೆ ಹಾಕುವ ಕಚ್ಚು ಇನ್ನೊಂದು. ಅಮ್ಮನಿಗೆ ಗೊತ್ತಿದ್ದದ್ದು ಮೊದಲನೆಯದು ಮಾತ್ರ. ಎರಡನೆಯದನ್ನು ಅವರಿಗೆ ಯಾರೂ ತೋರಿಸಿಯೇ ಇರಲಿಲ್ಲ. ನನಗೂ ತೋರಿಸಿರಲಿಲ್ಲ. ದಿನಾ ಕಣ್ಣ ಮುಂದೆ ಓಡಾಡುವ ನಾಯಿಯ ಕಿವಿಯಲ್ಲೇ ಬರೆದಿಟ್ಟ ಒಂದು ಸುದ್ದಿ, ಓದಲು ಬಾರದೆ ಹೆದರಿ ಸುತ್ತು ದಾರಿ ಹಿಡಿಯುತ್ತಿದ್ದೇವೆ. ಲೋಗೋದಲ್ಲಿ ಇದೇ ಇರಬೇಕು ಅನ್ನಿಸಿತು. ಪಕ್ಕಕ್ಕೆ ತಿರುಗಿ ಕೂತ ಊರ ನಾಯಿ, ಸುರುಳಿ ಬಾಲ, ಕಿವಿಯಲ್ಲಿ ಒಂದು ಕಚ್ಚು. ಬೇರೆ ಏನೂ ಬೇಡ.

ಬಿಡಿಸುವುದು ಸುಲಭ, ಉಳಿಸುವುದು ಕಷ್ಟ. ರಬ್ಬರ್ ಸೀಲಿನಲ್ಲಿ ಒಂದು ಇಂಚಿಗೆ ಇಳಿಸಿದಾಗ ಶಾಯಿ ಹರಡಿ ಕಚ್ಚು ಮುಚ್ಚಿಹೋಯಿತು. ಸಾಮಾನ್ಯ ಕಿವಿ ಆಯಿತು. ಬಟ್ಟೆ ಬ್ಯಾನರಿನಲ್ಲೂ ಹಾಗೆಯೇ. ಕೊನೆಗೆ ನಿಜವಾದ ಅಳತೆಗಿಂತ ಎರಡು ಪಾಲು ದೊಡ್ಡದು ಮಾಡಿದೆ. ವನ್ಯಜೀವಿಗಳನ್ನು ಉಳಿಸುವ ಸಂಸ್ಥೆ ಡಬ್ಲ್ಯೂಡಬ್ಲ್ಯೂಎಫ್‌ನ ಲೋಗೋದ ಪಾಂಡಾವನ್ನು ಆಗ ಮತ್ತೆ ಮತ್ತೆ ನೋಡುತ್ತಿದ್ದೆ. 1961ರಲ್ಲಿ ಆ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಪೀಟರ್ ಸ್ಕಾಟ್ ಅದನ್ನು ಮಾಡಿದರು. ಲಂಡನ್ ಮೃಗಾಲಯಕ್ಕೆ ಬಂದಿದ್ದ ಚೀ-ಚೀ ಎಂಬ ಪಾಂಡಾ ಅದಕ್ಕೆ ಪ್ರೇರಣೆ. ಪಾಂಡಾ ಆರಿಸಿದ್ದಕ್ಕೆ ಒಂದು ಕಾರಣ, ಕಪ್ಪು ಬಿಳುಪಿನ ಪ್ರಾಣಿ, ಪ್ರಿಂಟಿಂಗಿನ ಖರ್ಚು ಉಳಿಯುತ್ತದೆ ಅನ್ನುವುದು. ಪ್ರೆಸ್ಸಿನ ಕೆಲಸ ಮಾಡುವ ನನಗೆ ಅದು ತುಂಬಾ ಹಿಡಿಸಿತು. ಈಗಿನ ಪಾಂಡಾಕ್ಕೆ ತಲೆಯ ಮೇಲೆ, ಬೆನ್ನಿನ ಮೇಲೆ ಗೆರೆಯೇ ಇಲ್ಲ, ನಮ್ಮ ಕಣ್ಣೇ ಅದನ್ನು ಪೂರ್ತಿ ಮಾಡುತ್ತದೆ. ದಾಸುವಿನ ಬೆನ್ನನ್ನೂ ಹಾಗೆಯೇ ಬಿಟ್ಟೆ.

ಬಣ್ಣದ ಮಾತು ನಮ್ಮ ಜಿಲ್ಲೆಯಲ್ಲಿ ಸಣ್ಣದಲ್ಲ. ಕೆಂಪು ಹಾಕಿದರೆ ಒಂದು ಪಾರ್ಟಿ, ಹಸಿರು ಹಾಕಿದರೆ ಇನ್ನೊಂದು, ಕೇಸರಿ ಹಾಕಿದರೆ ಮತ್ತೊಂದು. ಚುನಾವಣೆ ಬಂದರೆ ಕರೆಂಟ್ ಕಂಬವೂ ಯಾರದು ಅಂತ ಹೇಳಬಹುದು. ಗಾಯದ ನಾಯಿ ತರುವವರು ಬಣ್ಣ ನೋಡಿ ಗೇಟಿನಲ್ಲಿ ನಿಲ್ಲಬಾರದು. ಸೀಲಿನ ಶಾಯಿಯ ಕಡು ನೀಲಿಯೇ ಇರಲಿ ಅಂದೆ. ರಶೀದಿಗೂ ಅದೇ, ಬೋರ್ಡಿಗೂ ಅದೇ.

ಅಕ್ಕನಿಗೆ ವ್ಯಾನಿನ ಮೇಲೆ ಕೆಂಪು ಪ್ಲಸ್ ಬೇಕಿತ್ತು. ದಯವಿಟ್ಟು ಯಾರೂ ಹಾಕಬೇಡಿ. ಬಿಳಿಯ ಮೇಲೆ ಕೆಂಪು ಶಿಲುಬೆ 1864ರ ಜಿನೀವಾ ಒಪ್ಪಂದದಿಂದ ಬಂದ ಗುರುತು. ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ನೋಡುವವರ ಮೇಲೆ ಗುಂಡು ಹಾರಿಸಬೇಡಿ ಅನ್ನುವುದಕ್ಕೆ ಇಟ್ಟದ್ದು. ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಬಳಸುವ ಹಾಗಿಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಅದೇ 1960ರದ್ದು, ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದದ್ದರ ಫಲ. ಒಂದು ಕಾಯ್ದೆಯ ಕೆಲಸ ಮಾಡುವವರು ಇನ್ನೊಂದನ್ನು ಮುರಿಯುವುದು ಬೇಡ ಅಂದೆ. ಅಕ್ಕ ಕೂಡಲೇ ಒಪ್ಪಿದರು.

ಅಕ್ಷರಕ್ಕೆ ಬಂದಾಗ ನಾನು ಬಗ್ಗಲಿಲ್ಲ. ಕನ್ನಡ, ಮಲಯಾಳ ಎರಡೂ ಇರಬೇಕು, ಎರಡೂ ಸಮ ಇರಬೇಕು. ಕನ್ನಡ ಶಾಲೆಯಲ್ಲಿ ಕಲಿತ ನನ್ನ ಅಮ್ಮನಿಗೆ ಮಲಯಾಳ ಓದಲು ಬರುವುದಿಲ್ಲ. ಟೆಂಪೊದವರಿಗೆ ಕನ್ನಡ ಓದಲು ಬರುವುದಿಲ್ಲ. ಮಾತಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಬೆಕ್ಕು ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ್ಚ. ಬಾಯಿಗೆ ಇಷ್ಟು ಹತ್ತಿರ ಇರುವುದು ಬೋರ್ಡಿನಲ್ಲಿ ಮಾತ್ರ ಯಾಕೆ ದೂರ ಆಗಬೇಕು? ಕೆಲಸದವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ, ಎರಡಕ್ಕೂ ಒಂದೇ ಸೈಜ್ ಇಟ್ಟರೆ ಸಮ ಕಾಣುವುದಿಲ್ಲ. ಕನ್ನಡಕ್ಕೆ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಮಲಯಾಳ ಅಗಲಕ್ಕೆ ಹರಡುತ್ತದೆ. ಕಣ್ಣಳತೆಯಲ್ಲೇ ಸರಿ ಮಾಡಬೇಕು. ಒಂದೇ ಮನೆತನದ ಅಕ್ಷರ ಹುಡುಕಿದಾಗ ಫಾಂಟು ಮಾಡುವ ಏಕ್ ಟೈಪ್‌ನವರ ಬಾಲೂ ಸಿಕ್ಕಿತು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಅದರ ಕನ್ನಡದ ಫಾಂಟಿಗೆ ಬಾಲೂ ತಮ್ಮ ಅಂತ ಹೆಸರು. ಮಲಯಾಳದ್ದಕ್ಕೆ ಬಾಲೂ ಚೇಟ್ಟನ್, ಅಂದರೆ ಅಣ್ಣ. ಕಾಸರಗೋಡಿನ ಒಂದು ಬೋರ್ಡಿನಲ್ಲಿ ಅಣ್ಣ ತಮ್ಮ ಒಟ್ಟಿಗೆ ನಿಂತರು. ಹೆಸರಿನ ಕೆಳಗೆ ಒಂದೇ ಸಾಲು. "ಗಾಯಗೊಂಡ ಪ್ರಾಣಿಗಳನ್ನು ಇಲ್ಲಿ ನೋಡಿಕೊಳ್ಳುತ್ತೇವೆ. ಮಾರಾಟ ಇಲ್ಲ." ಪಕ್ಕದಲ್ಲಿ ಮಲಯಾಳದಲ್ಲೂ ಅದೇ. ಫೋನ್ ನಂಬರ್ ಅದಕ್ಕಿಂತ ದೊಡ್ಡದು. ಬಂಗಾಳ, ಅಸ್ಸಾಂನಿಂದ ಬಂದ ಕೆಲಸದವರಿಗೆ ಎರಡೂ ಓದಲು ಬಾರದು, ಅವರಿಗೆ ಚಿತ್ರ ಮತ್ತು ನಂಬರ್ ಸಾಕು.

ಬಬಿಯಾನನ್ನು ಯಾಕೆ ಹಾಕಬಾರದು ಅಂತ ಪಕ್ಕದ ಮನೆಯ ಮಕ್ಕಳು ಕೇಳಿದರು. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ. 2022ರ ಅಕ್ಟೋಬರ್ 9ರಂದು ಅದು ಸತ್ತಾಗ ಜನ ಸಾಲುಗಟ್ಟಿ ಬಂದು ಹೂ ಹಾಕಿ ಕೈಮುಗಿದರು. ಮಕ್ಕಳ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮೊಸಳೆ ಇರುವ ಕೆರೆಯ ದಂಡೆಗೆ ಮಗುವನ್ನು ಎತ್ತಿಕೊಂಡು ಹೋಗುವ ನಾವೇ ಬೀದಿಯ ನಾಯಿಗೆ ಕಲ್ಲು ಹೆಕ್ಕುತ್ತೇವೆ. ಬಬಿಯಾನ ಹೆಸರು ಗೊತ್ತಿತ್ತು, ಅದು ಎಲ್ಲಿ ಇರುತ್ತದೆ, ಏನು ತಿನ್ನುತ್ತದೆ ಗೊತ್ತಿತ್ತು. ನಾಯಿಯ ಬಗ್ಗೆ ಅಷ್ಟೂ ತಿಳಿದುಕೊಳ್ಳಲಿಲ್ಲ. ಕಣ್ಣೂರಿನ ಪರಶ್ಶಿನಿಕಡವಿನಲ್ಲಿ ಮುತ್ತಪ್ಪ ದೈವದ ಬಾಗಿಲಿಗೇ ಕಂಚಿನ ನಾಯಿಗಳಿವೆ, ಜೀವದ ನಾಯಿಗಳೂ ಒಳಗೆ ಹೊರಗೆ ಓಡಾಡುತ್ತವೆ. ಅಲ್ಲಿ ಯಾರೂ ಹೆದರಿ ಓಡುವುದನ್ನು ನಾನು ನೋಡಿಲ್ಲ. ದೈವ, ದೇವರ ಗುರುತು ಮಾತ್ರ ಲೋಗೋಕ್ಕೆ ತರಲಿಲ್ಲ, ಅದು ಎಲ್ಲರ ಶೆಲ್ಟರ್.

ನಮ್ಮಂಥ ಅಂಗಡಿಯವರಿಗೆ ಒಂದು ಮಾತು. ಲೋಗೋ ಮಾಡಿ ವಾಟ್ಸ್ಯಾಪಿನಲ್ಲಿ ಒಂದು ಜೆಪಿಜಿ ಕಳಿಸಿ ಕೈ ತೊಳೆದುಕೊಳ್ಳಬೇಡಿ. ನಾಳೆ ಅವರು ವ್ಯಾನಿಗೆ, ಕೊರಳಪಟ್ಟಿಗೆ ಹಾಕಿಸಲು ಬೇರೆಯವರ ಹತ್ತಿರ ಹೋದಾಗ ಅವರು ಅದನ್ನು ಅಂದಾಜಿನಲ್ಲಿ ಮತ್ತೆ ಬಿಡಿಸುತ್ತಾರೆ, ಕಚ್ಚು ಮಾಯವಾಗುತ್ತದೆ. ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಕೆಡದ ಹಾಗೆ ಗೆರೆಯ ಚಿತ್ರ ಮಾಡಿ, ಪಿಡಿಎಫ್, ಎಸ್‌ವಿಜಿ, ತೆರೆದ ಫೈಲು ಎಲ್ಲ ಪೆನ್‌ಡ್ರೈವಿನಲ್ಲಿ ಕೊಡಿ. ಚಿತ್ರ ಇನ್ನು ಅವರದೇ ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ.

ಹೊಸ ರಶೀದಿ ಪುಸ್ತಕದ ಪ್ರೂಫ್ ಮನೆಗೆ ತಂದಿದ್ದೆ. ಅಮ್ಮ ಕನ್ನಡಕ ಹಾಕಿ ನೋಡಿದರು. "ಇದರ ಕಿವಿ ಎಂತಕ್ಕೆ ಹೀಗೆ?" ಅಂತ ಕೇಳಿದರು. ಎಲ್ಲ ಹೇಳಿದೆ. ಕಚ್ಚು ಇದ್ದರೂ ಲಸಿಕೆಯನ್ನು ಆಗಾಗ ಮತ್ತೆ ಹಾಕಿಸಬೇಕು, ಯಾವ ನಾಯಿ ಕಚ್ಚಿದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು, ಅದನ್ನೂ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಪುಸ್ತಕ ಮಡಚಿ ಇಟ್ಟರು.

ಮೊನ್ನೆ ಸೊಸೈಟಿಯಿಂದ ಬಂದು ಹಾಲಿನ ಪಾತ್ರೆ ಕೆಳಗಿಡುತ್ತಾ ಹೇಳಿದರು.

"ಆ ಕಟ್ಟೆ ಹತ್ತಿರ ಮಲಗುವ ಕರಿ ನಾಯಿಗೂ ಕಿವಿಯಲ್ಲಿ ಕಚ್ಚು ಉಂಟು, ಗೊತ್ತುಂಟಾ ನಿನಗೆ?"

ಆ ಕಟ್ಟೆ ಇರುವುದು ಹಳೆಯ ದಾರಿಯಲ್ಲಿ.