ಯಾವ ಹೊಗೆಯ ಲೆಕ್ಕ ಇದು?

'ಹದಿನೈದು ದೊಡ್ಡ ಹಡಗುಗಳ ಹೊಗೆ ಲೋಕದ ಅಷ್ಟೂ ಕಾರುಗಳ ಹೊಗೆಗೆ ಸಮ' ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅದು ಗಂಧಕದ ಲೆಕ್ಕ ಮಾತ್ರ, ಅದೂ ಹಳೆಯದು. ಇಂಗಾಲದ ಡೈಆಕ್ಸೈಡ್‌ಗೆ ಹೊಂದುವುದಿಲ್ಲ. 2020ರ ಜನವರಿಯಿಂದ ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿ ಶೇ. 3.5ರಿಂದ 0.5ಕ್ಕೆ ಇಳಿದಿದೆ. ಹಾಗಂತ ಖುಷಿಪಡಬೇಕಿಲ್ಲ, ನಮ್ಮ ಕಾರು, ಲಾರಿಗಳ ಬಿಎಸ್-6 ಡೀಸೆಲ್‌ನ ಮಿತಿಗಿಂತ ಇದು ಈಗಲೂ 500 ಪಟ್ಟು ಜಾಸ್ತಿ.

ನನ್ನ ಚಿಂತೆ ಹಡಗಿನ ಹೊಗೆ ತೊಳೆಯುವ ಯಂತ್ರ, ಅಂದರೆ ಸ್ಕ್ರಬ್ಬರ್‌ದು. ಕೆಲವು ಹಡಗುಗಳು ಹೆಚ್ಚು ಗಂಧಕದ ಅದೇ ಅಗ್ಗದ ಎಣ್ಣೆ ಉರಿಸಿ, ಹೊಗೆಯನ್ನು ಸಮುದ್ರದ ನೀರಲ್ಲಿ ತೊಳೆದು, ಆ ಹುಳಿ ನೀರನ್ನು ಕಡಲಿಗೇ ಬಿಡುತ್ತವೆ. ಗಾಳಿಯ ನಿಯಮ ಪಾಲಿಸಿದ ಹಾಗಾಯಿತು, ಅಷ್ಟೆ. ನಮ್ಮ ಕರಾವಳಿಯ ಮಂಜೇಶ್ವರ, ಕುಂಬಳೆ ಕಡೆ ಬೂತಾಯಿ, ಬಂಗುಡೆ ಮೀನು ನಂಬಿ ಬದುಕುವವರನ್ನು ಕೇಳುವವರು ಯಾರು?

ಆದರೆ ಹಡಗನ್ನೇ ಬೈದು ಕಾರು, ಲಾರಿಗಳನ್ನು ಬಿಟ್ಟುಬಿಡುವುದೂ ಸರಿಯಲ್ಲ. ಉಪ್ಪಳದಲ್ಲಿ ಟ್ಯಾಂಕರ್ ಹಿಂದೆ ಸ್ಕೂಟರ್ ನಿಲ್ಲಿಸಿ ನೋಡಿ, ಹೊಗೆ ನೇರ ಮೂಗಿಗೇ ಬರುತ್ತದೆ. ಒಂದು ಟನ್ ಸರಕು ಅಷ್ಟೇ ದೂರ ಸಾಗಿಸಲು ಲಾರಿಗಿಂತ ಹಡಗಿಗೆ ಎಷ್ಟೋ ಕಡಿಮೆ ಎಣ್ಣೆ ಸಾಕು. ನಿಧಾನ ಓಡಿಸಿದರೆ ಇನ್ನೂ ಉಳಿಯುತ್ತದೆ. ಬಂದರಿನಲ್ಲಿ ನಿಂತಾಗ ದಡದಿಂದ ಕರೆಂಟ್ ಕೊಟ್ಟರೆ ಎಂಜಿನ್ ಆರಿಸಬಹುದು. ಇದರ ಬಗ್ಗೆ ಒಂದು ಸಾಲೂ ಇಲ್ವಲ್ಲ ಸರ್?