ಮುಯ್ಯಿ ಪುಸ್ತಕ ಇದೆ, ಗುಂಡಿ ಪುಸ್ತಕ ಇಲ್ಲ

ಊಟಕ್ಕೆ ಕೂತಿದ್ದರೆ ಇದನ್ನು ಆಮೇಲೆ ಓದಿ. ನನಗೆ ನಿನ್ನೆ ಆ ಅನುಕೂಲ ಇರಲಿಲ್ಲ. ಎಲೆ ಮೇಲೆ ಬಿಸಿ ಹೋಳಿಗೆ, ಇಪ್ಪತ್ತು ಅಡಿ ದೂರದಲ್ಲಿ ಗಬ್ಬುನಾತ.

ನಿನ್ನೆ ಅಕ್ಕನ ಮೊಮ್ಮಗನ ನಾಮಕರಣ. ತುಮಕೂರು ಹೊರಗಿನ ಆ ಲೇಔಟ್ ಮನೆ ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರಿ, ಗೃಹಪ್ರವೇಶಕ್ಕೆ ಬಂದಿದ್ದಿರಿ. ಯುಜಿಡಿ, ಅಂದರೆ ಒಳಚರಂಡಿ, ಇನ್ನೂ ಅಲ್ಲಿಗೆ ಬಂದಿಲ್ಲ. ಮನೆಗೊಂದು ಶೌಚದ ಗುಂಡಿ. ಬೆಳಿಗ್ಗೆ ಏಳಕ್ಕೆ ನೆಂಟರು ಬಂದಿಳಿಯುತ್ತಿದ್ದ ಹಾಗೇ ಕೆಳಗಿನ ಟಾಯ್ಲೆಟ್ ಗೊಳಗೊಳ ಅನ್ನತೊಡಗಿತು. ಎಂಟಕ್ಕೆ ಬಚ್ಚಲಿನ ಜಾಲರಿಯಿಂದ ನೀರು ಮೇಲೆ ಬಂತು. ಒಂಬತ್ತಕ್ಕೆ ಶಾಮಿಯಾನದ ಪಕ್ಕ ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಗಾಡಿ ಬಂದು ನಿಂತಿತು. ಒಂದು ಕಡೆ ವಾಲಗ, ಇನ್ನೊಂದು ಕಡೆ ಗಾಡಿಯ ಮೋಟರು. ಮಗು ಮಾತ್ರ ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು.

ಡ್ರೈವರ್ ಕೇಳಿದ್ದು ಎರಡೇ ಪ್ರಶ್ನೆ. "ಟ್ಯಾಂಕ್ ಎಲ್ಲಿದೆ ಸಾರ್? ಹೋದ್ಸಲ ಯಾವಾಗ ಖಾಲಿ ಮಾಡಿಸಿದ್ರಿ?"

ಮೊದಲನೆಯದಕ್ಕೆ ಮನೆಯಲ್ಲಿ ಐದು ಉತ್ತರ ಬಂದವು. ಅಕ್ಕ ಗೇಟಿನ ಹತ್ತಿರ ಅಂದಳು, ಅವಳ ಮಗ ಮೆಟ್ಟಿಲ ಕೆಳಗೆ ಅಂದ. ಅಕ್ಕನ ಅತ್ತೆ ಮಾತ್ರ, "ಆಗ ನಂಗೆ ಆಪರೇಷನ್ ಆಗಿತ್ತು, ನಾನು ನೋಡ್ಲಿಲ್ಲ" ಅಂತ ಕೈತೊಳೆದುಕೊಂಡರು. ಕಟ್ಟಿದ ಮೇಸ್ತ್ರಿ ನಂಬರು ಸ್ವಿಚ್ ಆಫ್. ಮೂರು ವರ್ಷದ ಹಿಂದೆ ಪೋರ್ಟಿಕೋ ಪೂರ್ತಿ ಟೈಲ್ಸ್ ಹಾಕಿಸಿದ್ದಾರೆ. ಚಂದ ಕಾಣಲಿ ಅಂತ ಮುಚ್ಚಳದ ಚಪ್ಪಡಿ ಮೇಲೂ ಹಾಕಿಸಿದ್ದಾರೆ.

ಎರಡನೆಯ ಪ್ರಶ್ನೆಗೆ ಭಾವ ಎದೆ ಉಬ್ಬಿಸಿ ಹೇಳಿದರು. "ಮನೆ ಕಟ್ಟಿ ಹದಿನಾರು ವರ್ಷ ಆಯ್ತು. ಒಂದ್ಸಲನೂ ತುಂಬಿಲ್ಲ ಕಣಪ್ಪ." ಮಗನಿಗೆ ಕೆಲಸ ಸಿಕ್ಕಾಗಲೂ ಅವರ ಮುಖದಲ್ಲಿ ಇಷ್ಟು ಹೆಮ್ಮೆ ನಾನು ಕಂಡಿರಲಿಲ್ಲ.

ಆಮೇಲೆ ಹಾರೆ ಹಿಡಿದು ನೆಲ ಕುಟ್ಟುವ ಕೆಲಸ ಶುರು. ಟೊಳ್ಳು ಸದ್ದು ಎಲ್ಲಿ ಬರುತ್ತೆ ಅಂತ. ಒಂದು ಕಡೆ ಒಡೆದರೆ ಬರೀ ಮಣ್ಣು. ಇನ್ನೊಂದು ಕಡೆ ಒಡೆದರೆ ಸಂಪ್‌ಗೆ ಹೋಗುವ ಕುಡಿಯುವ ನೀರಿನ ಪೈಪು. ಸದ್ಯ, ಹಾರೆಯ ಮೊನೆ ಒಂದಿಂಚಿನಲ್ಲಿ ತಪ್ಪಿತು. ಕೊನೆಗೆ ಟೊಳ್ಳು ಸದ್ದು ಬಂದಿದ್ದು ತುಳಸಿಕಟ್ಟೆ ಬುಡದಲ್ಲಿ. ಟೈಲ್ಸ್ ಹಾಕಿಸಿದ ಮೇಲೆ ತಂದಿಟ್ಟ ಕಟ್ಟೆ ಅದು. ಶುಭಕಾರ್ಯದ ದಿನ ತುಳಸಿ ಸರಿಸಬಹುದಾ ಅಂತ ಪುರೋಹಿತರನ್ನು ಕೇಳಿದರು. ಅವರು ಪಂಚಾಂಗದ ಕಡೆ ನೋಡಲೂ ಇಲ್ಲ. ಶಲ್ಯದಲ್ಲಿ ಮೂಗು ಮುಚ್ಚಿಕೊಂಡು, "ತೆಗೀರಿ, ಮೊದ್ಲು ತೆಗೀರಿ" ಅಂದರು.

ನನ್ನ ಕೋಪ ಗುಂಡಿ ತುಂಬಿದ್ದಕ್ಕಲ್ಲ. ಗುಂಡಿ ಅಂದಮೇಲೆ ತುಂಬುತ್ತೆ. ನನ್ನ ಕೋಪ ಏನಂದರೆ, ಇದೇ ಮನೆಯ ಬೀರುವಿನಲ್ಲಿ 1991ರ ಮದುವೆಯ ಮುಯ್ಯಿ ಪುಸ್ತಕ ಇದೆ. ಯಾರು 51 ರೂಪಾಯಿ ಕೊಟ್ಟರು, ಯಾರು ಸ್ಟೀಲ್ ಚೊಂಬು ಕೊಟ್ಟರು, ಯಾರು ಊಟ ಮಾಡಿ ಬರಿಗೈಲಿ ಹೋದರು, ಎಲ್ಲ ಇದೆ. ಕಾರಿನ ಸರ್ವೀಸ್ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿದೆ. ಮೂರು ತಲೆಮಾರಿನ ಜಾತಕ ಇದೆ. ಮನೆ ಪ್ಲಾನಿನಲ್ಲಿ ದೇವರ ಕೋಣೆ ಇಂಚಿನ ಲೆಕ್ಕದಲ್ಲಿದೆ. ಗುಂಡಿ ಮಾತ್ರ ಯಾವ ಕಾಗದದಲ್ಲೂ ಇಲ್ಲ.

ಗೊತ್ತು, ಗೊತ್ತು. ಮೂವತ್ತೊಂದು ವರ್ಷ ಸೊಸೈಟಿಯಲ್ಲಿ ಲೆಡ್ಜರ್ ಬರೆದವನು ಇನ್ನೇನು ಮಾತಾಡ್ತಾನೆ ಅಂತ ನಗುತ್ತಿದ್ದೀರಿ. ನಗಿ.

ಆದರೆ "ಒಂದ್ಸಲನೂ ತುಂಬಿಲ್ಲ" ಅನ್ನುವ ಮಾತು ಇದೆಯಲ್ಲ, ಅದನ್ನು ಬಿಡೋಕೆ ನನಗೆ ಆಗ್ತಿಲ್ಲ. ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕು ಬಳಸಲು ಶುರು ಮಾಡಿದ ಸ್ವಲ್ಪ ದಿನದಲ್ಲೇ ತುಂಬುತ್ತದೆ. ಆಮೇಲೆ ಯಾವಾಗಲೂ ತುಂಬೇ ಇರುತ್ತದೆ! ಅದು ಕೆಲಸ ಮಾಡುವುದೇ ಹಾಗೆ. ಭಾರದ್ದು ತಳಕ್ಕೆ ಹೋಗಿ ಕೆಸರಾಗುತ್ತದೆ. ಎಣ್ಣೆ ಜಿಡ್ಡು ಮೇಲೆ ಕೆನೆಗಟ್ಟುತ್ತದೆ. ನಡುವಿನ ನೀರು ಮಾತ್ರ ಆಚೆ ಕಡೆಯ ಪೈಪಿನಿಂದ ಇಂಗುಗುಂಡಿಗೆ ಹೋಗುತ್ತದೆ. ಕೆನೆ ಆ ಪೈಪಿಗೆ ನುಗ್ಗದಿರಲಿ ಅಂತಲೇ ಅಲ್ಲಿ ಟಿ, ಅಂದರೆ T ಆಕಾರದ ಪೈಪಿನ ತುಂಡು, ಹಾಕುವುದು. ಹಾಗಾಗಿ ನೋಡಬೇಕಾದ್ದು ಟ್ಯಾಂಕು ತುಂಬಿದೆಯಾ ಅಂತಲ್ಲ, ಕೆಸರು ಎಷ್ಟು ಎತ್ತರ ಬಂದಿದೆ ಅಂತ. ಅದು ಮೂರನೇ ಒಂದು ಪಾಲು ದಾಟುವ ಮೊದಲೇ ತೆಗೆಸಬೇಕು. ಸಾಮಾನ್ಯ ಮನೆಗೆ ಎರಡು ಮೂರು ವರ್ಷಕ್ಕೊಮ್ಮೆ.

ಹಾಗಾದರೆ ಭಾವನ ಟ್ಯಾಂಕು ಹದಿನಾರು ವರ್ಷ ಯಾಕೆ ತುಂಬಲಿಲ್ಲ? ಚಪ್ಪಡಿ ಎತ್ತಿದಾಗ ಗೊತ್ತಾಯಿತು. ಅದು ಟ್ಯಾಂಕೇ ಅಲ್ಲ. ಸಿಮೆಂಟ್ ರಿಂಗ್ ಒಂದರ ಮೇಲೊಂದು ಇಳಿಸಿದ ಗುಂಡಿ. ನಡುವೆ ಗೋಡೆ ಇಲ್ಲ, ತಳಕ್ಕೆ ಕಾಂಕ್ರೀಟ್ ಇಲ್ಲ. ಇಷ್ಟು ವರ್ಷ ನೀರೆಲ್ಲ ನೆಲಕ್ಕೇ ಇಳಿಯುತ್ತಿತ್ತು. ಈಗ ಸುತ್ತಲಿನ ಮಣ್ಣಿನ ಸಂದು ಜಿಡ್ಡು ಹಿಡಿದು ಕಟ್ಟಿಕೊಂಡಿದೆ, ಅದಕ್ಕೇ ವಾಪಸ್ ಬಚ್ಚಲಿಗೆ ಬಂತು. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕಡಿಮೆಯೆಂದರೆ 18 ಮೀಟರ್ ಅಂತರ ಇರಬೇಕು ಅಂತ ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470 ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಅರವತ್ತು ಅಡಿ. ಪಕ್ಕದ ಮನೆಯ ಬೋರ್‌ವೆಲ್ ಕಾಂಪೌಂಡಿನ ಆಚೆಗೇ ಇದೆ. ನಾನು ಹೆಜ್ಜೆಯಲ್ಲೇ ಅಳೆದೆ. ಎಷ್ಟು ಅಂತ ಇಲ್ಲಿ ಬರೆಯೋದಿಲ್ಲ. ಪಕ್ಕದ ಮನೆಯವರೂ ಫೇಸ್‌ಬುಕ್‌ನಲ್ಲಿದ್ದಾರೆ, ನಿನ್ನೆ ಊಟಕ್ಕೂ ಬಂದಿದ್ದರು.

ಇನ್ನೊಂದು ಸಂಗತಿ ಹೇಳಬೇಕು. ಅದೇ ನನ್ನನ್ನು ರಾತ್ರಿ ಮಲಗಲು ಬಿಡಲಿಲ್ಲ.

ಮೇಲಿನ ನೀರನ್ನು ಪೈಪು ಹತ್ತು ನಿಮಿಷದಲ್ಲಿ ಎಳೆಯಿತು. ಆಮೇಲೆ ಬರೀ ಗಾಳಿ ಎಳೆಯುವ ಸದ್ದು. ಹದಿನಾರು ವರ್ಷದ ಕೆಸರು ತಳದಲ್ಲಿ ಜೇಡಿಮಣ್ಣಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಆಗ ಭಾವ, ನಮ್ಮ ಭಾವ, ಇರುವೆಗೂ ಸಕ್ಕರೆ ಹಾಕುವ ಮನುಷ್ಯ, ಹೇಳಿದರು. "ಯಾರಾದ್ರೂ ಒಬ್ರು ಇಳಿದು ಕೆದಕಿಬಿಡ್ರಪ್ಪ. ಐನೂರು ಜಾಸ್ತಿ ಕೊಡ್ತೀನಿ."

ಡ್ರೈವರ್ ಜೊತೆ ಬಂದಿದ್ದ ಹುಡುಗನಿಗೆ ಇಪ್ಪತ್ತು ಇರಬಹುದು. ಅವನು ಚಪ್ಪಲಿ ಬಿಡಲು ಬಗ್ಗಿದ. ನಾನು ಕಿರುಚಿದೆ. ವಾಲಗದವರು ಒಂದು ಕ್ಷಣ ನಿಲ್ಲಿಸಿದರಂತೆ, ಅಷ್ಟು ಜೋರಾಗಿ. ಡ್ರೈವರ್ ಒಳ್ಳೆಯವನು. "ಇಳಿಯಲ್ಲ ಸಾರ್, ನೀರು ಬಿಡಿ" ಅಂದ. ಸಂಪಿನ ನೀರನ್ನು ಜೋರಾಗಿ ಬಿಟ್ಟು, ಮೇಲಿನಿಂದಲೇ ಉದ್ದನೆಯ ಕೋಲಲ್ಲಿ ಕಲಕಿ, ಎರಡು ಲೋಡು ಎಳೆದರು. ಮಧ್ಯಾಹ್ನ ಎರಡಾಯಿತು.

ರಕ್ಷಣೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸತ್ತರೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಒಳಗಿನ ಗಾಳಿ ಅಂಥದ್ದು. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ನಾತ ಬರುತ್ತದೆ. ಜಾಸ್ತಿಯಾದರೆ ಮೂಗೇ ಮರಗಟ್ಟುತ್ತದೆ. ನಾತ ಹೋಯಿತು ಅಂದುಕೊಂಡವನು ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಹೋಗುತ್ತಾನೆ. ಪೇಪರಿನಲ್ಲಿ ಓದುತ್ತೇವಲ್ಲ, ಯಾವಾಗಲೂ ಇಬ್ಬರು, ಮೂವರು.

ಮೂರು ವರ್ಷಕ್ಕೊಮ್ಮೆ ತೆಗೆಸಿದ ಕೆಸರು ತೆಳ್ಳಗಿರುತ್ತದೆ, ಪೈಪಿಗೆ ಬರುತ್ತದೆ. ಯಾರೂ ಇಳಿಯುವ ಪ್ರಶ್ನೆಯೇ ಬರುವುದಿಲ್ಲ. ಅದಕ್ಕೇ ತಾರೀಖು ಬರೆದಿಡಿ ಅಂತ ಬಡಕೊಳ್ಳುವುದು.

ಭಾವನ ಮೇಲೆ ಕಿರುಚಿದೆ ಅಂದೆನಲ್ಲ. ಕಿರುಚುವ ಯೋಗ್ಯತೆ ನನಗಿದೆಯಾ ಅಂತ ರಾತ್ರಿಯೆಲ್ಲ ಯೋಚಿಸಿದೆ. 1998ರಲ್ಲಿ ನಮ್ಮ ಹಳೇ ಮನೆಯ ಗುಂಡಿ ಕಟ್ಟಿಕೊಂಡಿತು. ಅಪ್ಪ ಇಬ್ಬರನ್ನು ಕರೆಸಿದರು. ಒಬ್ಬ ಇಳಿದ. ಟಾರ್ಚ್ ಹಿಡಿದವನು ನಾನು. ಅವನು ಮೇಲೆ ಬಂದ ಮೇಲೆ ದೂರದಿಂದ ಬಕೆಟ್ ನೀರು ಎರಚಿದವನೂ ನಾನೇ. ಕೊಡ ಮುಟ್ಟಬೇಡ ಅಂದಿದ್ದೂ ನಾನೇ ಇರಬೇಕು. ಅಪ್ಪನ ಲೆಕ್ಕದ ಪುಸ್ತಕ ಈಗಲೂ ನನ್ನ ಹತ್ತಿರ ಇದೆ, ನನ್ನ ಈ ಹುಚ್ಚು ಬಂದಿದ್ದೇ ಅಲ್ಲಿಂದ. ನಿನ್ನೆ ರಾತ್ರಿ ತೆಗೆದು ನೋಡಿದೆ. "ಗುಂಡಿ 350. ಸೋಪು 6. ಕೊಬ್ಬರಿ ಎಣ್ಣೆ 11." ಹೆಸರಿಲ್ಲ. ಅದೇ ಪುಟದಲ್ಲಿ ಹಾಲಿನವಳ ಹೆಸರಿದೆ, ಪೇಪರಿನವನ ಹೆಸರಿದೆ.

ಇರಲಿ. ಮುಂದೆ ಹೋಗೋಣ.

ನಿನ್ನೆ ಊಟದ ಪಂಕ್ತಿಯಲ್ಲೇ ನನಗೆ ಸಮಾಧಾನ ಹೇಳಿದವರು ತುಂಬಾ ಜನ. ಒಬ್ಬರು, "ಅಂಗಡೀಲಿ ಬ್ಯಾಕ್ಟೀರಿಯಾ ಪುಡಿ ಸಿಗುತ್ತೆ, ತಿಂಗಳಿಗೊಂದು ಪೊಟ್ಟಣ ಹಾಕಿದ್ರೆ ಗಾಡಿನೇ ಬೇಡ" ಅಂದರು. ಸ್ವಾಮಿ, ಅಲ್ಲಿ ಬ್ಯಾಕ್ಟೀರಿಯಾಗೆ ಬರಗಾಲ ಇಲ್ಲ. ಕೂತ ಕೆಸರನ್ನು ಯಾವ ಪುಡಿಯೂ ಮಾಯ ಮಾಡುವುದಿಲ್ಲ. ಇನ್ನೊಬ್ಬರು, "ನಮ್ಮಜ್ಜಿ ಕಾಲದಲ್ಲಿ ಈ ಪುಸ್ತಕ ಗಿಸ್ತಕ ಎಲ್ಲಿತ್ತು?" ಅಂದರು. ಅಜ್ಜಿ ಕಾಲದಲ್ಲಿ ಚೊಂಬು ಹಿಡಿದು ಕೆರೆ ಹಿಂದೆ ಹೋಗುತ್ತಿದ್ದರು. ಅದಕ್ಕೆ ಪುಸ್ತಕ ಬೇಕಿರಲಿಲ್ಲ, ನಿಜ.

ಯುಜಿಡಿ ಬಂದರೆ ಇದೆಲ್ಲ ಯಾಕೆ ಅಂತ ಭಾವ ಕೇಳಿದರು. ಅದರಲ್ಲಿ ಸ್ವಲ್ಪ ಅರ್ಥ ಇದೆ, ಒಪ್ಪುತ್ತೇನೆ. ಆದರೆ ಲೈನಿಗೆ ಜೋಡಿಸಲು ಪೈಪು ಎಲ್ಲಿ ಹೋಗಿದೆ ಅಂತ ಗೊತ್ತಿರಬೇಕಲ್ವಾ? ಹಳೇ ಗುಂಡಿಯನ್ನು ಖಾಲಿ ಮಾಡಿಸಿ ಮಣ್ಣು ತುಂಬಬೇಕಲ್ವಾ? ಇಲ್ಲದಿದ್ದರೆ ಒಂದು ದಿನ ಚಪ್ಪಡಿ ಕುಸಿದು ಕಾರು ಒಳಗೆ.

ತಂಗಿ ಮಗಳು ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಮನೆ ಕೊಂಡಾಗಿನ ಕಥೆ ನೆನಪಾಗುತ್ತದೆ. ಅಲ್ಲಿ ಸೆಪ್ಟಿಕ್ ಇರುವ ಮನೆ ಮಾರಬೇಕಾದರೆ ಟೈಟಲ್ ಫೈವ್ ಅನ್ನುವ ನಿಯಮದಡಿ ತಪಾಸಣೆ ಆಗಿರಬೇಕು. ಆ ವರದಿ ಎರಡು ವರ್ಷ ನಡೆಯುತ್ತದೆ. ವರ್ಷ ವರ್ಷ ಕೆಸರು ತೆಗೆಸಿದ ದಾಖಲೆ ಇದ್ದರೆ ಮೂರು ವರ್ಷ. ನೋಡಿ, ಬರೀ ರಸೀದಿ ಜೋಪಾನ ಮಾಡಿದ್ದಕ್ಕೆ ಒಂದು ವರ್ಷ ಬೋನಸ್! ಓದಿ ನನಗೆ ಕಣ್ಣಲ್ಲಿ ನೀರು ಬಂತು. ನಮ್ಮಲ್ಲಿ ಮನೆ ಕೊಳ್ಳುವವರು ವಾಸ್ತು ಕೇಳುತ್ತಾರೆ. ಗುಂಡಿ ಯಾವ ಮೂಲೆಯಲ್ಲಿದೆ ಅಂತಲೂ ಕೇಳುತ್ತಾರೆ, ಆದರೆ ಅದು ಈಶಾನ್ಯದಲ್ಲಿ ಇರಬಾರದು ಅಂತ ಮಾತ್ರ.

ಅಮೆರಿಕ ಬಿಡಿ, ದುಡ್ಡಿದ್ದವರು ಅನ್ನುತ್ತೀರಿ. ಮಹಾರಾಷ್ಟ್ರದ ವಾಯಿ ಸಣ್ಣ ಊರು, ಕೃಷ್ಣಾ ನದಿ ದಡದಲ್ಲಿದೆ. ಅಲ್ಲಿ 2018ರಿಂದ ಸರದಿ ಪ್ರಕಾರ ಮನೆಮನೆಗೆ ಗಾಡಿ ಹೋಗುತ್ತದೆ, ಮೂರು ವರ್ಷಕ್ಕೊಮ್ಮೆ. ತುಂಬಿ ಹರಿಯಲಿ ಅಂತ ಕಾಯುವುದಿಲ್ಲ. ಅದೇ ಕೃಷ್ಣೆ ಮುಂದೆ ನಮ್ಮ ಕಡೆಗೆ ಬರುತ್ತಾಳೆ, ಅವರು ಪುಸ್ತಕ ಇಟ್ಟಿದ್ದು ನಮಗೂ ಒಳ್ಳೆಯದೇ. ದೇವನಹಳ್ಳಿಯಲ್ಲೂ 2015ರಿಂದ ಈ ಕೆಸರನ್ನು ಒಣಗಿಸಿ, ಹಸಿಕಸದ ಜೊತೆ ಕಾಂಪೋಸ್ಟ್ ಮಾಡುವ ಘಟಕ ಇದೆ, ಗೊಬ್ಬರವನ್ನು ರೈತರು ಒಯ್ಯುತ್ತಾರೆ. ನಿನ್ನೆಯ ಡ್ರೈವರನ್ನು "ಇದನ್ನ ಎಲ್ಲಿ ಸುರೀತೀಯಪ್ಪ?" ಅಂದೆ. "ಅದೊಂದು ಕೇಳ್ಬೇಡಿ ಸಾರ್" ಅಂದ.

ನನ್ನ ಮನೆಯ ಗುಂಡಿ ಪುಸ್ತಕದಲ್ಲಿ ಏನಿದೆ ಅಂತ ಇಬ್ಬರು ಕೇಳಿದ್ದಕ್ಕೆ ಹೇಳುತ್ತೇನೆ. ನೂರು ಪುಟದ ನೋಟ್‌ಬುಕ್, ಕಂದಾಯ ರಸೀದಿಯ ಫೈಲಿನಲ್ಲೇ ಇರುತ್ತದೆ. ಮೊದಲ ಪುಟದಲ್ಲಿ ನಕ್ಷೆ. ಮನೆಯ ಎರಡು ಮೂಲೆಯಿಂದ ಮುಚ್ಚಳಕ್ಕೆ ಎಷ್ಟು ಅಡಿ ಅಂತ ಟೇಪು ಹಿಡಿದು ಬರೆದದ್ದು. ಮೇಸ್ತ್ರಿ ಸತ್ತರೂ ಮೂಲೆ ಅಲ್ಲೇ ಇರುತ್ತದೆ. ಆಮೇಲೆ ಗಾಡಿ ಬಂದ ತಾರೀಖು, ಎಷ್ಟು ಲೋಡು, ಎಷ್ಟು ಕೊಟ್ಟೆ, ಟಿ ಗಟ್ಟಿಯಾಗಿದೆಯಾ, ಗಾಳಿ ಪೈಪಿನ ಜಾಲರಿ ಹರಿದಿದೆಯಾ. ವರ್ಷಕ್ಕೊಮ್ಮೆ, ಯುಗಾದಿ ಆದ ಮೇಲೆ, ಮುಚ್ಚಳದ ಸಣ್ಣ ಕಿಂಡಿಯಿಂದ ಉದ್ದನೆಯ ಬಿದಿರು ಇಳಿಸುತ್ತೇನೆ. ಅದರ ತುದಿಗೆ ಮೂರಡಿ ಬಿಳಿ ಬಟ್ಟೆ ಸುತ್ತಿರುತ್ತೇನೆ. ತಳ ಮುಟ್ಟಿಸಿ ಎರಡು ನಿಮಿಷ ಹಿಡಿದು ಎತ್ತಿದರೆ, ಎಲ್ಲಿವರೆಗೆ ಕಪ್ಪು ಹಿಡಿದಿದೆಯೋ ಅಷ್ಟು ಕೆಸರು. ಕಿಂಡಿ ಮೇಲೆ ಮುಖ ಇಟ್ಟು ಬಗ್ಗಬಾರದು, ಬೀಡಿ ಸಿಗರೇಟು ಹತ್ತಿರ ತರಬಾರದು, ಒಳಗೆ ಹೊತ್ತಿಕೊಳ್ಳುವ ಮೀಥೇನ್ ಅನಿಲ ಇರುತ್ತದೆ. ಮೊದಲ ವರ್ಷ ಸುತ್ತಿದ್ದು ನನ್ನ ಮದುವೆ ಪಂಚೆ ಅಂತ ಹೆಂಡತಿ ಇನ್ನೂ ಆಡಿಕೊಳ್ಳುತ್ತಾಳೆ. ಬೇರೆ ಬಿಳಿ ಬಟ್ಟೆ ಸಿಗಲಿಲ್ಲ, ಏನು ಮಾಡಲಿ.

ಇದನ್ನು ಬರೆಯುತ್ತಿರುವಾಗಲೇ ಭಾವನ ಫೋನು. "ಟೈಲ್ಸ್‌ನವನು ಬಂದಿದಾನೆ ಕಣಪ್ಪ. ಮಧ್ಯಾಹ್ನದೊಳಗೆ ಮುಚ್ಚಿಸಿ, ತುಳಸಿಕಟ್ಟೆ ವಾಪಸ್ ಇಡಿಸ್ತೀನಿ." ಕಬ್ಬಿಣದ ಫ್ರೇಮ್ ಹಾಕಿಸಿ, ಎತ್ತೋ ಹಾಗೆ ಮುಚ್ಚಳ ಬಿಡಿ ಭಾವ ಅಂದೆ. ಕಾರು ನಿಲ್ಲಿಸೋ ಜಾಗ, ಲುಕ್ ಹಾಳಾಗುತ್ತೆ ಅಂದರು. ನಾನು ಏನೋ ಅಂದೆ, ಅವರು ಏನೋ ಅಂದರು. ಅಷ್ಟರಲ್ಲಿ ಅಕ್ಕ ಫೋನು ಕಿತ್ತುಕೊಂಡಳು. ಅವಳು ಗುಂಡಿ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಾಳಂತೆ. ನಾನು ಟೇಪು ತೆಗೆದುಕೊಂಡು ಬಂದು ಅಳೆಯುವವರೆಗೂ ಏಳುವುದಿಲ್ಲವಂತೆ.

ಹೊರಟೆ. ಕಾಮೆಂಟುಗಳಿಗೆ ಸಂಜೆ ಉತ್ತರ ಕೊಡುತ್ತೇನೆ.