ಎವರೆಸ್ಟ್ ಪ್ಯಾಕೇಜ್: ದರ ಕೇಳಿದ ಮೇಲೆ ಸಿಲಿಂಡರನ್ನೂ ಎಣಿಸಿ

ಎವರೆಸ್ಟ್ ಎಕ್ಸ್‌ಪೆಡಿಷನ್ ಸೇರುವವರು ಮೊದಲು ಕೇಳೋದು "ಒಟ್ಟು ಎಷ್ಟಾಗುತ್ತೆ?" ಅಂತ. ಕೇಳಲೇಬೇಕು. ಆದರೆ ಒಂದು ಕಂಪನಿ ಇನ್ನೊಂದಕ್ಕಿಂತ ಹತ್ತು ಲಕ್ಷ ಕಡಿಮೆ ಹೇಳಿದರೆ, ಆ ದುಡ್ಡು ಎಲ್ಲಿ ಉಳೀತು ಅಂತ ಯಾರೂ ಕೇಳಲ್ಲ. ನೇಪಾಳದ ಕಡೆಯಿಂದ ವಸಂತದಲ್ಲಿ ಹತ್ತಲು ವಿದೇಶಿಯರಿಗೆ, ಅಂದರೆ ನಮಗೂ, ಪರ್ಮಿಟ್ 15,000 ಡಾಲರ್ (2025ರ ಸೆಪ್ಟೆಂಬರ್‌ಗೆ ಮೊದಲು 11,000 ಇತ್ತು). ಅದರಲ್ಲಿ ಚೌಕಾಸಿ ಇಲ್ಲ. ಬೇಸ್ ಕ್ಯಾಂಪಿನ ಮೇಲೇ ಸಿಗುವ, ಬಿರುಕುಬಿಟ್ಟ ಹಿಮದ ಖುಂಬು ಐಸ್‌ಫಾಲ್‌ನಲ್ಲಿ ಏಣಿ, ಹಗ್ಗ ಕಟ್ಟುವವರೂ ಎಲ್ಲ ತಂಡಕ್ಕೂ ಅವರೇ. ಹಾಗಾದರೆ ಕತ್ತರಿ ಬೀಳೋದು ಆಕ್ಸಿಜನ್‌ಗೆ, ಶೆರ್ಪಾಗಳ ಸಂಖ್ಯೆಗೆ.

ಲೆಕ್ಕ ಹಾಕೋಣ. 4 ಲೀಟರ್ ಸಿಲಿಂಡರಿಗೆ 300 ಬಾರ್ ತುಂಬಿದರೆ ಸುಮಾರು 1,200 ಲೀಟರ್ ಆಕ್ಸಿಜನ್. ಕ್ಯಾಂಪ್ 3ರಲ್ಲಿ (ಸುಮಾರು 7,200 ಮೀಟರ್) ರಾತ್ರಿ ಹತ್ತು ಗಂಟೆ, ನಿಮಿಷಕ್ಕೆ ಅರ್ಧ ಲೀಟರಿನಂತೆ 300. ಅಲ್ಲಿಂದ ಸೌತ್ ಕೋಲ್‌ಗೆ (ತುದಿಗೆ ಮುಂಚಿನ ಕೊನೆಯ ಕ್ಯಾಂಪ್) ಆರು ಗಂಟೆ, 2 ಲೀಟರಿನಂತೆ 720. ಕೋಲ್‌ನಲ್ಲಿ ಎಂಟು ಗಂಟೆ ವಿಶ್ರಾಂತಿ, 1 ಲೀಟರಿನಂತೆ 480. ತುದಿಗೆ ಹೋಗಿ ಕೋಲ್‌ಗೆ ಮರಳಲು ಹದಿನಾರು ಗಂಟೆ, 3 ಲೀಟರಿನಂತೆ 2,880. ಒಟ್ಟು 4,380, ಅಂದರೆ ಮೂರೂವರೆ ಸಿಲಿಂಡರಿಗಿಂತ ಜಾಸ್ತಿ. ತುದಿಯ ಹತ್ತಿರ ಎರಡು ಗಂಟೆ ಸಾಲಿನಲ್ಲಿ ನಿಂತರೆ (2019ರ ಮೇ ತಿಂಗಳ ಆ ಫೋಟೋ ನೆನಪಿರಬಹುದು) ಇನ್ನೂ 360 ಹೋಯ್ತು, ನಾಲ್ಕೂ ಹೆಚ್ಚುಕಡಿಮೆ ಖಾಲಿ. ಮೂರು ಸಿಲಿಂಡರಿನ ಪ್ಯಾಕೇಜ್ ಕೊಂಡವರಿಗೆ ಮುಗಿಯೋದು ಇಳಿಯುವಾಗ, ಕಾಲು ಸೋತಿರುವಾಗ. ಐದಕ್ಕಿಂತ ಕಡಿಮೆಗೆ ಒಪ್ಪಬೇಡಿ ಅನ್ನೋದು ನನ್ನ ಮಾತು.

ನಿಮ್ಮ ಶೆರ್ಪಾಗೆ ಎಷ್ಟು ಅಂತಲೂ ಕೇಳಿ. ಇದನ್ನು ಕೇಳುವವರು ತೀರಾ ಕಡಿಮೆ. ಅವನದು ಮುಗಿದರೆ ನಿಮ್ಮನ್ನು ಇಳಿಸುವವರು ಯಾರು? ಸೌತ್ ಕೋಲ್‌ನಿಂದ ತುದಿಗೆ ಹೋಗುವ ದಾರಿಯ ಬಾಲ್ಕನಿ ಎಂಬ ಸಮತಟ್ಟಿನಲ್ಲಿ (8,400 ಮೀಟರ್) ಸಿಲಿಂಡರ್ ಬದಲಿಸುವುದು ರೂಢಿ. ಅಲ್ಲಿಗೆ ಬದಲಿ ಸಿಲಿಂಡರ್ ಹೊತ್ತು ತರುವುದು ಯಾರು ಅನ್ನೋದು ಬೇಸ್ ಕ್ಯಾಂಪಲ್ಲೇ ತೀರ್ಮಾನವಾಗಿರಬೇಕು.

ಸಿಲಿಂಡರ್ ತುಂಬಿದ್ದರೂ ಕೈಕೊಡೋದು ಮಾಸ್ಕ್. ಬಿಟ್ಟ ಉಸಿರಿನ ತೇವ ವಾಲ್ವ್‌ನಲ್ಲಿ ಹೆಪ್ಪುಗಟ್ಟುತ್ತದೆ. ಆಗ ಎಷ್ಟು ಎಳೆದರೂ ಉಸಿರು ಸಾಲಲ್ಲ, ಜನ ಗಾಬರಿಯಾಗಿ ಮಾಸ್ಕ್ ಕಿತ್ತು ಹಾಕ್ತಾರೆ. ಮಾಸ್ಕ್ ಹಿಂಡಿ ಆ ಮಂಜು ಒಡೆಯೋದನ್ನ ಕೆಳಗೇ ಕಲಿಯಿರಿ. ತಂಡದಲ್ಲಿ ಬಿಡಿ ಮಾಸ್ಕ್, ಬಿಡಿ ರೆಗ್ಯುಲೇಟರ್ (ಆಕ್ಸಿಜನ್ ಹರಿವು ಹೊಂದಿಸುವ ಸಾಧನ) ಇದೆಯಾ ನೋಡಿಕೊಳ್ಳಿ. ಚಳಿಗೆ ಒತ್ತಡ ಇಳಿದು ಗೇಜ್ ಕಡಿಮೆ ತೋರಿಸುತ್ತದೆ, ಅನಿಲ ಸೋರಿಲ್ಲ, ಅದಕ್ಕೆ ಹೆದರಬೇಡಿ.

ಹಗ್ಗದ ಕೆಲಸ ಬಾರದವರು ಹಣ ಕಟ್ಟಲೇಬಾರದು. ಆಂಕರ್ (ಹಗ್ಗವನ್ನು ಬೆಟ್ಟಕ್ಕೆ ಬಿಗಿದ ಜಾಗ) ದಾಟುವಾಗ ಮೊದಲು ಸೇಫ್ಟಿ ಕ್ಯಾರಬೈನರ್ (ಹಗ್ಗಕ್ಕೆ ಸಿಕ್ಕಿಸುವ ಕೊಂಡಿ) ಮೇಲಿನ ಹಗ್ಗಕ್ಕೆ, ಆಮೇಲೆ ಜುಮಾರ್ (ಹಗ್ಗ ಹಿಡಿದು ಮೇಲಕ್ಕಷ್ಟೇ ಜಾರುವ ಹಿಡಿ). ಇದನ್ನ ದಪ್ಪ ಕೈಗವಸಿನಲ್ಲಿ, ಕತ್ತಲಲ್ಲಿ, ತಪ್ಪದೆ ಮಾಡಲು ಬರಬೇಕು. ಉತ್ತರಕಾಶಿ, ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಗಳ ಬೇಸಿಕ್, ಅಡ್ವಾನ್ಸ್ ಕೋರ್ಸು ಇರೋದು ಇದಕ್ಕೇ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದನ್ನ ವಾರಕ್ಕೊಮ್ಮೆ ಹತ್ತಿದರೆ ಕಾಲು ಗಟ್ಟಿಯಾಗುತ್ತೆ, ಆದರೆ 5,364 ಮೀಟರಿನ ಬೇಸ್ ಕ್ಯಾಂಪಿನ ಗಾಳಿ ಅಲ್ಲಿ ಸಿಗಲ್ಲ.

ಎಷ್ಟು ಗಂಟೆಗೆ ಎಲ್ಲಿದ್ದರೂ ವಾಪಸ್ ಅನ್ನೋದನ್ನ ಹೊರಡುವ ಮುಂಚೆಯೇ ಹೇಳಿಸಿಕೊಳ್ಳಿ. ಸಿಲಿಂಡರ್ ಸಂಖ್ಯೆ, ಒಬ್ಬರಿಗೆ ಎಷ್ಟು ಶೆರ್ಪಾ, ಹೆಲಿಕಾಪ್ಟರ್ ಖರ್ಚು ಯಾರದ್ದು, ಎಲ್ಲ ಕಾಗದದ ಮೇಲಿರಲಿ. ಹೆಚ್ಚುವರಿ ಸಿಲಿಂಡರ್ ಬೇಕಿದ್ದರೆ ಕಠ್ಮಂಡುವಿನಲ್ಲೇ ಹೇಳಿ; ಸೌತ್ ಕೋಲ್ ತಲುಪಿದ ಮೇಲೆ ದುಡ್ಡಿದ್ದರೂ ಹೊತ್ತು ತರುವ ಬೆನ್ನು ಸಿಗಲ್ಲ.